ನಾವಿಬ್ಬರು ಮತ್ತು ನಮ್ಮ ಬೈಸಿಕಲ್ಲುಗಳು

ನಮ್ಮ ಮನೆಯ ಜಗಲಿಯಲ್ಲಿ ಎರಡು ಬೈಸಿಕಲ್ಲುಗಳು ಗೋಡೆಗೆ ಒರಗಿ ನಿಂತಿರುವುದನ್ನು ಕಂಡು, ಬಂದ ನೆಂಟರೆಲ್ಲರೂ ಕೇಳುವ ಪ್ರಶ್ನೆ ಒಂದೇ: “ಮಕ್ಕಳವೋ?” ಮಕ್ಕಳವಲ್ಲ, ನಮ್ಮವೇ ಎಂದರೆ ಮೊದಲು ನಗುವರು, ಆಮೇಲೆ ನಮ್ಮ ತಲೆಯ ನರೆಯನ್ನು ನೋಡುವರು, ಕಡೆಗೆ, ಇವರಿಗೆ ಕಾರು ಕೊಳ್ಳಲು ಅನುಕೂಲವಿಲ್ಲವೆಂದು ಕನಿಕರಪಡುವರು. ಕಾರು ಕೊಟ್ಟಿಗೆಯ ಮಗ್ಗುಲಲ್ಲಿ ಇದೆ. ಆದರೆ ಅದನ್ನು ಕುರಿತು ಬರೆಯುವಂಥದು ಏನೂ ಇಲ್ಲ.

ಈ ಬರೆಹವನ್ನು ನಾವಿಬ್ಬರೂ ಕೂಡಿ ಬರೆಯುತ್ತಿರುವೆವು. ಸಂಜೆಯ ಹೊತ್ತು ಒಬ್ಬರು ಬರೆದ ಪುಟವನ್ನು ಮತ್ತೊಬ್ಬರು ಓದಿ, ಒಪ್ಪದ ಕಡೆ ಗೀಟು ಹಾಕಿ, ಇಬ್ಬರೂ ಒಪ್ಪಿದುದನ್ನು ಮಾತ್ರ ಇಲ್ಲಿ ಉಳಿಸಿದ್ದೇವೆ. ಆದಕಾರಣ ಎಲ್ಲಿಯಾದರೂ ಕಥೆ ಸ್ವಲ್ಪ ಕುಂಟಿದರೆ, ಅಲ್ಲಿ ಒಂದು ಜಗಳ ಹುದುಗಿದೆಯೆಂದು ವಾಚಕರು ತಿಳಿಯತಕ್ಕದ್ದು. ‘ನಾವು’ ಎಂದು ಬರೆದರೂ ಕೆಲವು ಸಂಗತಿಗಳು ಒಬ್ಬರಿಗೆ ಆದವು, ಮತ್ತೊಬ್ಬರಿಂದ ಆದವು. ಅಂಥ ಕಡೆಗಳಲ್ಲಿ ಗಂಡನಾದವನನ್ನು ‘ಅವನು’ ಎಂದೂ, ಹೆಂಡತಿಯಾದವಳನ್ನು ‘ಅವಳು’ ಎಂದೂ ಕರೆಯುವೆವು.

ನಾವಿರುವುದು ಕೊಪ್ಪಕ್ಕೂ ಹರಿಹರಪುರಕ್ಕೂ ನಡುವೆ, ಡಾಂಬರು ರಸ್ತೆಯಿಂದ ಸ್ವಲ್ಪ ಒಳಗೆ. ಅಂಗಳದ ಕೆಳಗೆ ಅಡಕೆಯ ತೋಟ, ತೋಟದಾಚೆ ಗದ್ದೆ, ಗದ್ದೆಯಾಚೆ ಸೊಪ್ಪಿನಬೆಟ್ಟ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕುಗಳ ನೆಲವನ್ನು ಬಲ್ಲವರಿಗೆ ನಾವು ಹೆಚ್ಚಾಗಿ ಹೇಳಬೇಕಾದುದಿಲ್ಲ. ಇಲ್ಲಿ ಸಮತಟ್ಟೆಂಬುದು ಗದ್ದೆಯಲ್ಲಿ ಹೊರತು ಮತ್ತೆಲ್ಲಿಯೂ ದೊರೆಯದು. ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗಬೇಕಾದರೆ ಒಂದು ದಿಣ್ಣೆ ಹತ್ತಬೇಕು, ಒಂದು ಹಳ್ಳಕ್ಕೆ ಇಳಿಯಬೇಕು, ಕಾಲುಸಂಕ ದಾಟಬೇಕು, ಉಣುಗೋಲು ಸರಿಸಿ ಮತ್ತೆ ಮುಚ್ಚಬೇಕು. ಹಿಂದೆ ಎತ್ತಿನ ಗಾಡಿಗಳು ಓಡಾಡಿದ ಹಾದಿಗಳು ಈಗ ಡಾಂಬರು ಕಾಣದೆ, ಹುಲ್ಲು ಬೆಳೆದು, ಬೆಟ್ಟಗಳ ಮಗ್ಗುಲಲ್ಲಿ ಉಳಿದಿವೆ. ಅವುಗಳ ಮೇಲೆ ಕಾರು ಹೋಗದು. ಮೋಟಾರು ಸೈಕಲ್ಲು ಹೋದರೆ ಹಕ್ಕಿಗಳು ಹಾರಿಹೋಗುವುವು. ಹೊರಳಿ ಹೊರಳಿ ಹೋಗುವ ಆ ಕೆಂಪು ಹಾದಿಗಳು ಬೆಟ್ಟದ ಬೈಸಿಕಲ್ಲಿಗಾಗಿಯೇ ಹುಟ್ಟಿದಂತೆ ನಮಗೆ ತೋರುವುವು. ಅಂಗಡಿಯವರು ಮೌಂಟನ್ ಬೈಕು ಎಂದು ಕರೆಯುವ ಈ ಗಾಡಿಯ ಟೈರು ದಪ್ಪನಾಗಿ ಮುಳ್ಳುಮುಳ್ಳಾಗಿರುವುದು. ಮುಂದಿನ ಕವಲಿನಲ್ಲಿ ಕುಲುಕನ್ನು ನುಂಗುವ ಏರ್ಪಾಟಿರುವುದು. ಏರಿಗಾಗಿ ಹಗುರವಾದ ಗೇರುಗಳಿರುವುವು.

ನಾವು ಇದಕ್ಕೆ ತೊಡಗಿದುದು ೨೦೧೮ರಲ್ಲಿ. ಅವನ ರಕ್ತದಲ್ಲಿ ಸಕ್ಕರೆಯು ಗೆರೆಯ ಅಂಚಿಗೆ ಬಂದಿತೆಂದೂ, ಮೈಗೆ ಕೆಲಸ ಕೊಡಬೇಕೆಂದೂ ವೈದ್ಯರು ಹೇಳಿದರು. ನಡೆಯುವುದು ಅವನಿಗೆ ಬೇಸರ. ಬೈಸಿಕಲ್ಲಿನ ಮಾತು ಬಂದಾಗ, ನಾನೂ ಬರುವೆನೆಂದು ಅವಳು ಹೇಳಿದಳು. ಹಾಗೆ ನೋಡಿದರೆ ಇಬ್ಬರಲ್ಲಿ ಬೈಸಿಕಲ್ಲು ಮೊದಲು ಕಲಿತವಳು ಅವಳೇ. ತಂದೆಯ ಎತ್ತರದ ಗಾಡಿಯ ಅಡ್ಡಕೊಳವೆಯ ಕೆಳಗಿನಿಂದ ಕಾಲು ತೂರಿಸಿ, ಒಂದು ಮಗ್ಗುಲಿಗೆ ಬಾಗಿ, ಪೆಡಲನ್ನು ಅರ್ಧರ್ಧ ಸುತ್ತು ತುಳಿಯುತ್ತ, ಹತ್ತನೆಯ ವಯಸ್ಸಿಗೇ ಹಾಲು ಕೊಟ್ಟುಬರುತ್ತಿದ್ದಳು. ತನ್ನ ಅಳತೆಗೆ ಇಲ್ಲದ ಗಾಡಿಯನ್ನು ಸಂಭಾಳಿಸುವ ವಿದ್ಯೆ ಅವಳಿಗೆ ಅಂದೇ ಬಂದಿತ್ತು. ಇದು ಒಳ್ಳೆಯದೆಂದು ಬಹಳ ದಿನ ನಾವು ನಂಬಿದ್ದೆವು.

ಶಿವಮೊಗ್ಗೆಗೆ ಹೋಗಿ ಅವನಿಗೆ ೧,೨೦,೦೦೦ ರೂಪಾಯಿನ ಗಾಡಿಯೊಂದನ್ನು ತಂದೆವು. ಅಲ್ಯುಮಿನಿಯಂ ಚೌಕಟ್ಟು, ಗಾಳಿಯೊತ್ತಡದ ಕವಲು, ಎಣ್ಣೆಯ ಒತ್ತಡದಿಂದ ಹಿಡಿಯುವ ಡಿಸ್ಕು ಬ್ರೇಕು. ತೂಕ ೧೩ ಕಿಲೋಗ್ರಾಂ. ಅವಳಿಗೆ ೧೪,೦೦೦ ರೂಪಾಯಿನದು: ಉಕ್ಕಿನ ಚೌಕಟ್ಟು, ಗಾಲಿಯ ಅಂಚನ್ನು ಒತ್ತಿಹಿಡಿಯುವ ರಬ್ಬರು ಬ್ರೇಕು, ತೂಕ ೧೮. ಇದಕ್ಕೆ ಕಾರಣಗಳಿಲ್ಲದೆ ಇರಲಿಲ್ಲ. ಅವನು ಭಾರದವನು, ಗಟ್ಟಿ ಗಾಡಿ ಬೇಕು. ವೈದ್ಯರು ಹೇಳಿದುದು ಅವನಿಗೆ. ಅವಳಿಗೆ ಈ ಹುಚ್ಚು ನಿಲ್ಲುವುದೋ ಇಲ್ಲವೋ ನೋಡೋಣ, ರೂಢಿಯಾದ ಮೇಲೆ ಒಳ್ಳೆಯದನ್ನು ಕೊಂಡರಾಯಿತು. ಇವುಗಳಲ್ಲಿ ಒಂದು ಕಾರಣವನ್ನು ಅವಳೇ ಕೊಟ್ಟಳು. “ನನಗೇಕೆ ಅಷ್ಟು ದುಡ್ಡು?” ಎಂದಳು. ಮನೆಯಲ್ಲಿ ಸೀದ ದೋಸೆ ಯಾರ ಎಲೆಗೆ ಬೀಳುವುದೆಂಬುದನ್ನು ಗೃಹಸ್ಥರಾದ ವಾಚಕರಿಗೆ ವಿವರಿಸಬೇಕಾಗಿಲ್ಲ. ಬಡಿಸುವವಳೇ ಅದನ್ನು ತನ್ನ ಎಲೆಗೆ ಹಾಕಿಕೊಳ್ಳುವಳು. ಉಳಿದವರು ಅವಳಿಗೆ ಸೀದ ದೋಸೆಯೇ ಇಷ್ಟವೆಂದು ತಿಳಿಯುವರು.

ಮೂರು ವರ್ಷ ಹೀಗೆ ಸುತ್ತಾಡಿದೆವು. ಸುತ್ತಾಟದ ಸುಖವನ್ನು ಇಲ್ಲವೆನ್ನಲಾರೆವು. ತುಂಗೆಯ ದಡವನ್ನು ಹಿಡಿದು ಹರಿಹರಪುರದ ಮೇಲೆ ಶೃಂಗೇರಿಗೆ ಹೋಗಿ, ವಿದ್ಯಾಶಂಕರ ದೇವಾಲಯದ ನೆರಳಿನಲ್ಲಿ ಕುಳಿತು ಬೆವರು ಆರಿಸಿಕೊಂಡು, ಹೊಳೆಯ ಮೀನುಗಳನ್ನು ನೋಡಿ ಬಂದ ಬೆಳಗುಗಳು ಎಷ್ಟೋ. ಕುವೆಂಪು ಅವರು ೧೯೦೪ರಲ್ಲಿ ಹುಟ್ಟಿದ ಹಿರೇಕೊಡಿಗೆಯೂ ನಮ್ಮ ಕೊಪ್ಪ ತಾಲ್ಲೂಕಿನದೇ, ಅತ್ತಲೂ ಹೋಗಿಬಂದೆವು. ಮಳೆಗಾಲದಲ್ಲಿ ಉಂಬಳಗಳಿಗೆ ರಕ್ತದಾನ, ಸುಗ್ಗಿಯಲ್ಲಿ ಅಡಕೆ ಬೇಯಿಸುವ ಒಲೆಯ ಹೊಗೆ, ಬೇಸಗೆಯಲ್ಲಿ ಕಾಫಿಯ ಹೂವು. ಆದರೆ ಪ್ರತಿಯೊಂದು ದಿಣ್ಣೆಯಲ್ಲಿಯೂ ನಡೆಯುತ್ತಿದ್ದುದು ಒಂದೇ ಬಗೆ. ಅವನು ಮೊದಲು ತಲೆಗೆ ಮುಟ್ಟಿ, ಕಲ್ಲಿನ ಮೇಲೆ ಕುಳಿತು, ನೀರು ಕುಡಿದು, ಉಸಿರನ್ನು ಹದಕ್ಕೆ ತಂದುಕೊಳ್ಳುವನು. ಆರೇಳು ನಿಮಿಷದ ಮೇಲೆ ಅವಳು ಏದುತ್ತ ಬರುವಳು. ಅವಳು ಬಂದ ಕೂಡಲೇ, “ಸರಿ, ಹೊರಡೋಣವೇ?” ಎಂದು ಅವನು ಏಳುವನು. ಮುಂದೆ ಬಂದವನಿಗೆ ವಿಶ್ರಾಂತಿ, ಹಿಂದೆ ಬಂದವಳಿಗೆ ಅದೂ ಇಲ್ಲ. ತಾನು ಕಾದೆನೆಂದು ಅವನು ಮನಃಪೂರ್ವಕವಾಗಿ ನಂಬಿದ್ದನು. ಆ ನಂಬಿಕೆ ಸುಳ್ಳೂ ಅಲ್ಲ. ಅವನು ಕಾಯುತ್ತಲೇ ಇದ್ದನು.

೨೦೨೧ರ ಅಕ್ಟೋಬರಿನಲ್ಲಿ, ಮಳೆಗಾಲವು ಹೋಗಲೋ ಬೇಡವೋ ಎಂದು ಅನುಮಾನಿಸುತ್ತಿದ್ದ ದಿನಗಳಲ್ಲಿ, ಕಿಗ್ಗಕ್ಕೆ ಹೋದೆವು. ಶೃಂಗೇರಿಯಿಂದ ಒಂಬತ್ತು ಹತ್ತು ಕಿಲೋಮೀಟರು. ಅಲ್ಲಿಯ ಋಷ್ಯಶೃಂಗನಿಗೆ ನಾಡಿನ ಜನರು ಮಳೆಗಾಗಿ ಹರಸಿಕೊಳ್ಳುವರು. ಅಂಥ ಊರಿನಲ್ಲಿ ಮಳೆಯನ್ನು ಬೈಯುವುದು ಉಚಿತವಲ್ಲವಾದರೂ ಅಂದು ಬೈದೆವು. ನರಸಿಂಹ ಪರ್ವತದ ಕಡೆಯದು ರಾಷ್ಟ್ರೀಯ ಉದ್ಯಾನದ ಕಾಡು. ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಕಾಲಿಡತಕ್ಕದ್ದಲ್ಲ. ಆದುದರಿಂದ ಪರಿಚಯದವರ ಕಾಫಿಯ ತೋಟದೊಳಗಿನ ಗಾಡಿಹಾದಿಯನ್ನು ಹಿಡಿದು ಮೇಲಕ್ಕೆ ಹೋಗಿ, ಅದೇ ಹಾದಿಯಲ್ಲಿ ಇಳಿಯತೊಡಗಿದೆವು. ಕೆಂಪು ಮಣ್ಣು ನೆನೆದು ಬೆಣ್ಣೆಯಂತಾಗಿತ್ತು. ಅವನು ಮುಂದೆ ಇಳಿದುಹೋಗಿ, ಕೆಳಗೆ ಗೇಟಿನ ಹತ್ತಿರ ನಿಂತನು.

ರಬ್ಬರು ಬ್ರೇಕಿನ ಸ್ವಭಾವವನ್ನು ಇಲ್ಲಿ ಸ್ವಲ್ಪ ಹೇಳಬೇಕು. ಅದು ಹಿಡಿಯುವುದು ಗಾಲಿಯ ಅಂಚನ್ನು. ಅಂಚು ಇರುವುದು ಕೆಸರಿಗೆ ಅತ್ಯಂತ ಸಮೀಪದಲ್ಲಿ. ನೀರೂ ಮರಳೂ ಕೂಡಿದ ಮಣ್ಣು ಅದಕ್ಕೆ ಮೆತ್ತಿಕೊಂಡರೆ, ಹಿಡಿ ಎಷ್ಟು ಅದುಮಿದರೂ ರಬ್ಬರು ಜಾರುವುದು. ಜಾರುತ್ತ ಜಾರುತ್ತ ಅರಗಲ್ಲಿಗೆ ಸಿಕ್ಕಿದಂತೆ ಸವೆದುಹೋಗುವುದು. ಒಂದೇ ದಿನದ ಇಳಿತದಲ್ಲಿ ಒಂದು ಜೊತೆ ಪಟ್ಟಿ ಮುಗಿದುದುಂಟು. ಡಿಸ್ಕು ಇರುವುದಾದರೋ ಗಾಲಿಯ ನಡುವೆ, ಕೆಸರಿನಿಂದ ಮೇಲೆ. ಈ ಆಟವು ಹುಟ್ಟಿದುದೇ ಬ್ರೇಕಿನ ಕಷ್ಟದಲ್ಲಿ ಎನ್ನಬಹುದು. ಅಮೆರಿಕದ ಕ್ಯಾಲಿಫೋರ್ನಿಯ ಪ್ರಾಂತದಲ್ಲಿ ತಮಲ್‌ಪೈಸ್ ಬೆಟ್ಟದ ಸುತ್ತಿನ ಯುವಕರು ಹಳೆಯ ದಪ್ಪ ಟೈರಿನ ಬೈಸಿಕಲ್ಲುಗಳನ್ನು ಹೊತ್ತೊಯ್ದು ಇಳಿಜಾರಿನಲ್ಲಿ ಬಿಟ್ಟುಕೊಂಡು ಬರುತ್ತಿದ್ದರು. ಹಿಂದಿನ ಗಾಲಿಯ ನಡುವಣ ಬ್ರೇಕು ಕಾದು, ಒಳಗಿನ ಗ್ರೀಸು ಹೊಗೆಯಾಗಿ ಹೋಗಿ, ಪ್ರತಿ ಇಳಿತದ ತರುವಾಯ ಹೊಸ ಗ್ರೀಸು ತುಂಬಬೇಕಾಗುತ್ತಿತ್ತು. ಆದಕಾರಣ ೧೯೭೬ರಲ್ಲಿ ಅವರು ನಡೆಸಿದ ಪಂದ್ಯಕ್ಕೆ ‘ಮತ್ತೆ ತುಂಬು’ ಎಂಬರ್ಥದ ರೀಪ್ಯಾಕ್ ಎಂದೇ ಹೆಸರಾಯಿತು. ಅವರ ನಡುವೆ ವೆಂಡೆ ಕ್ರಾಗ್ ಎಂಬ ಮಹಿಳೆಯೂ ಅಂಥದೇ ಭಾರದ ಗಾಡಿಯನ್ನೇರಿ ಇಳಿಯುತ್ತಿದ್ದಳು. ಆ ದಿನಗಳ ಚಿತ್ರಗಳನ್ನು ತೆಗೆದವಳೂ ಅವಳೇ. ಅಲ್ಲಿ ಎಲ್ಲರ ಬ್ರೇಕೂ ಒಂದೇ ಸಮನಾಗಿ ಕೆಟ್ಟದ್ದಾಗಿತ್ತು. ನಮ್ಮಲ್ಲಿ ಹಾಗಿರಲಿಲ್ಲ.

ಅವನು ಗೇಟಿನಲ್ಲಿ ಹತ್ತು ನಿಮಿಷ ಕಾದನು. ಅವಳು ಯಾವಾಗಲೂ ನಿಧಾನವೆಂದುಕೊಂಡನು. ಮೊಬೈಲು ಫೋನು ಅಲ್ಲಿ ಕೆಲಸಮಾಡುವುದಿಲ್ಲ. ಆ ಹತ್ತು ನಿಮಿಷದಲ್ಲಿ ಅವನು ಎರಡು ಬಾಳೆಯ ಹಣ್ಣು ತಿಂದನು. ಈ ವಾಕ್ಯವನ್ನು ಬರೆದವಳು ಅವಳು. ಅವನು ಗೀಟು ಹಾಕಲಿಲ್ಲ.

ಮೇಲಕ್ಕೆ ನಡೆದು ಹೋಗಿ ನೋಡಿದಾಗ, ತಿರುವಿನಲ್ಲಿ ಗಾಡಿ ಒಂದು ಕಡೆ, ಅವಳು ಕಾಫಿಯ ಗಿಡಗಳ ನಡುವೆ ಒಂದು ಕಡೆ. ಎಡಗೈಯ ಮಣಿಕಟ್ಟು ಮುರಿದಿತ್ತು. ತಲೆಯ ಮೇಲಿದ್ದ ಹೆಲ್ಮೆಟ್ಟು ಅವನ ಹಳೆಯದು, ಅವಳಿಗೆ ಎರಡು ಬೆರಳಷ್ಟು ದೊಡ್ಡದು. ಬೀಳುವಾಗ ಹಿಂದಕ್ಕೆ ಸರಿದು, ಹಣೆ ಬರಿದಾಗಿ, ಕಲ್ಲಿಗೂ ಹಣೆಗೂ ಗೇಣು ದೂರ ಉಳಿದಿತ್ತು. ಆ ಗೇಣನ್ನು ನಾವು ಆಗಾಗ ನೆನೆಯುವೆವು. ತೋಟದವರು ಜೀಪಿನಲ್ಲಿ ಕೂಡಿಸಿಕೊಂಡು ಶೃಂಗೇರಿಗೆ ತಂದರು. ಬಂಡಿಯನ್ನು ಮನೆಗೆ ತಂದಮೇಲೆ ನೋಡಿದರೆ, ಮುಂದಿನ ಬ್ರೇಕಿನ ರಬ್ಬರು ಲೋಹದವರೆಗೂ ಸವೆದಿತ್ತು. ಎರಡು ಗಾಡಿಗಳ ಚಾಕರಿಯೂ ಅವನದೇ ಎಂಬುದು ನಮ್ಮೊಳಗಿನ ಒಪ್ಪಂದ. ತನ್ನದರ ಸರಪಳಿಯನ್ನು ವಾರಕ್ಕೊಮ್ಮೆ ಒರೆಸಿ ಎಣ್ಣೆ ಬಿಡುತ್ತಿದ್ದನು. ಅವಳದನ್ನು ಬಿಡುವಾದಾಗ ನೋಡುತ್ತಿದ್ದನು.

ಆರು ವಾರ ಕೈಗೆ ಕಟ್ಟು. ಒಂದು ಕೈಯಲ್ಲಿ ಅಡಿಗೆಯಾಗದು, ತೋಟದ ಕೆಲಸವಾಗದು. ಅವಳು ಜಗಲಿಯಲ್ಲಿ ಕುಳಿತು, ಬೇಸರಕ್ಕೆ, ಮನೆಯ ಲೆಕ್ಕದ ಪುಸ್ತಕಗಳನ್ನು ಓದಿದಳು. ಕಾದಂಬರಿ ಓದಿದ್ದರೆ ಮನೆಯಲ್ಲಿ ಶಾಂತಿ ಇರುತ್ತಿತ್ತು. ಮೂರು ವರ್ಷಗಳಲ್ಲಿ ಅವನ ಗಾಡಿಯ ಬಾಬ್ತು ಟೈರು, ದೀಪ, ಬೂಟು, ಕವಲಿನ ಸರ್ವೀಸು ಎಂದು ೩೧,೪೦೦ ರೂಪಾಯಿ ಬಿದ್ದಿತ್ತು. ಅವಳ ಗಾಡಿಯ ಬಾಬ್ತು ೧,೧೫೦, ಅದರಲ್ಲಿ ೨೫೦ ಗಂಟೆಗೆ. ಮೊದಲು ಕೊಂಡ ದೊಡ್ಡ ಗಾಡಿಯ ಹಣ ಎಲ್ಲಿಂದ ಬಂದುದೆಂದೂ ಪುಸ್ತಕ ಹೇಳಿತು: ಆ ವರ್ಷದ ಕಾಳುಮೆಣಸು. ಮೆಣಸನ್ನು ಬಿಡಿಸಿ, ಒಣಗಿಸಿ, ಮೋಡ ಬಂದಾಗಲೆಲ್ಲ ಒಳಗೆ ಹೊತ್ತು, ಬಿಸಿಲು ಬಂದಾಗಲೆಲ್ಲ ಹೊರಗೆ ಹರವಿದವರು ಯಾರೆಂಬುದನ್ನು ಪುಸ್ತಕ ಹೇಳದು.

ಆಮೇಲೆ ಅವಳು ಇನ್ನೊಂದು ಲೆಕ್ಕ ಮಾಡಿದಳು. ಅವಳ ತೂಕ ೫೦ ಕಿಲೋಗ್ರಾಂ, ಗಾಡಿ ೧೮. ತನ್ನ ತೂಕದ ಮೂರನೆಯ ಒಂದು ಪಾಲಿಗಿಂತ ಹೆಚ್ಚನ್ನು ಬೆಟ್ಟಕ್ಕೆ ಎಳೆಯುತ್ತಿದ್ದಳು. ಅವನು ೭೬, ಗಾಡಿ ೧೩. ಅವನಿಗೆ ಬಿದ್ದುದು ಆರನೆಯ ಒಂದು ಪಾಲಿಗೆ ತುಸು ಹೆಚ್ಚು. ಗೇರುಗಳ ವಿಷಯ ಇನ್ನೂ ವಿಚಿತ್ರ. ಅವಳ ಗಾಡಿಯಲ್ಲಿ ಅತ್ಯಂತ ಹಗುರವಾದ ಗೇರಿಗೆ ಮುಂದೆ ೨೮ ಹಲ್ಲು, ಹಿಂದೆಯೂ ೨೮. ಪೆಡಲು ಒಂದು ಸುತ್ತು ಬಂದರೆ ಗಾಲಿಯೂ ಒಂದು ಸುತ್ತು ತಿರುಗಲೇಬೇಕು. ಅವನದರಲ್ಲಿ ಮುಂದೆ ೩೨, ಹಿಂದೆ ೫೧. ಒಂದು ಸುತ್ತು ತುಳಿದರೆ ಗಾಲಿ ಮೂರರಲ್ಲಿ ಎರಡು ಪಾಲೂ ತಿರುಗದು. ಅವನ ಗಾಲಿ ಸ್ವಲ್ಪ ದೊಡ್ಡದೆಂಬುದನ್ನು ಲೆಕ್ಕಕ್ಕೆ ಹಿಡಿದರೂ, ಹೊರೆ ಹಗುರವೇ. ಎಂದರೆ, ನಮ್ಮಿಬ್ಬರಲ್ಲಿ ಬಲ ಕಡಿಮೆಯಾದವರಿಗೆ ಭಾರದ ಗಾಡಿಯನ್ನೂ ಭಾರದ ಗೇರನ್ನೂ ಕೆಟ್ಟ ಬ್ರೇಕನ್ನೂ ಕೊಟ್ಟು, ಬಲವುಳ್ಳವರಿಗೆ ಎಲ್ಲ ಅನುಕೂಲವನ್ನೂ ಒದಗಿಸಿ, ಮೂರು ವರ್ಷ ದಿಣ್ಣೆಯ ತಲೆಯಲ್ಲಿ ನಿಂತು, “ನಿನಗೆ ಅಭ್ಯಾಸ ಸಾಲದು” ಎಂದು ಬುದ್ಧಿ ಹೇಳಿದ್ದಾಯಿತು.

ಈ ಲೆಕ್ಕವನ್ನು ಓದಿ ಅವನು ಎರಡು ದಿನ ಸಿಟ್ಟಾಗಿದ್ದನು. ಮೂರನೆಯ ದಿನ ಉದಾರನಾದನು. ಸರದಿ ಹಾಕೋಣ, ಒಂದು ಭಾನುವಾರ ಒಳ್ಳೆಯ ಗಾಡಿ ನಿನಗೆ, ಒಂದು ಭಾನುವಾರ ನನಗೆ ಎಂದನು. ಕೇಳಲು ನ್ಯಾಯವಾಗಿತ್ತು. ಕಟ್ಟು ಬಿಚ್ಚಿ, ಕೈಗೆ ಬಲ ಬಂದಮೇಲೆ ೨೦೨೨ರ ಮೊದಲ ತಿಂಗಳುಗಳಲ್ಲಿ ಹಾಗೆಯೇ ಮಾಡಿ ನೋಡಿದೆವು.

ಅವಳ ಗಾಡಿಯ ಮೇಲೆ ಕೊಪ್ಪದ ಏರನ್ನು ಹತ್ತಿದ ಮೊದಲ ಭಾನುವಾರ ಅವನು ನಡುವೆ ಎರಡು ಸಲ ಇಳಿದು ತಳ್ಳಿದನು. ತಲೆಗೆ ಬಂದಾಗ ಅವಳು ಕಲ್ಲಿನ ಮೇಲೆ ಕುಳಿತಿದ್ದಳು. ಅವನನ್ನು ಕಂಡ ಕೂಡಲೇ ಎದ್ದು, “ಸರಿ, ಹೊರಡೋಣವೇ?” ಎಂದಳು. ಮೂರು ವರ್ಷದ ವ್ಯಾಖ್ಯಾನವೆಲ್ಲ ಆ ಎರಡು ಶಬ್ದಗಳಲ್ಲಿ ಅಡಗಿತ್ತು. ಗಾಡಿಯನ್ನು ಅದಲುಬದಲು ಮಾಡಿ ಒಂದು ದಿನ ಏರಿ ನೋಡುವುದನ್ನು ನಾವು ಎಲ್ಲ ದಂಪತಿಗಳಿಗೂ ಶಿಫಾರಸು ಮಾಡುವೆವು; ಇದರಷ್ಟು ಬೇಗ ವಾದ ಮುಗಿಸುವ ಉಪಾಯ ಬೇರೊಂದಿಲ್ಲ.

ಆದರೆ ಪರೀಕ್ಷೆಗೆ ಒದಗಿದ ಏರ್ಪಾಟು ಸಂಸಾರಕ್ಕೆ ಒದಗಲಿಲ್ಲ. ಏರಿನಲ್ಲಿ ಗೆದ್ದ ಅವಳು ಇಳಿತದಲ್ಲಿ ನಡುಗಿದಳು. ಆ ಗಾಡಿ ಅವನ ಅಳತೆಯದು. ಹಿಡಿಯನ್ನು ಮುಟ್ಟಲು ಅವಳು ಮೈಯನ್ನು ಪೂರಾ ಚಾಚಬೇಕು. ನಿಲ್ಲಿಸಿದರೆ ಕಾಲು ನೆಲಕ್ಕೆ ಎಟುಕದು. ಬ್ರೇಕಿನ ಸನ್ನೆ ಅವಳ ಬೆರಳಿಗೆ ದೂರ. ಕವಲಿನೊಳಗಿನ ಗಾಳಿಯನ್ನು ಏರುವವರ ತೂಕಕ್ಕೆ ಹೊಂದಿಸಬೇಕು: ಕುಳಿತಾಗ ಅದು ತನ್ನ ಓಟದ ಐದನೆಯ ಒಂದು ಪಾಲಿನಷ್ಟಾದರೂ ತಗ್ಗಬೇಕು. ೭೬ಕ್ಕೆ ಹೊಂದಿಸಿದ ಕವಲು ೫೦ಕ್ಕೆ ಬಗ್ಗುವುದೇ ಇಲ್ಲ. ಒನಕೆಯಂತೆ ನೆಟ್ಟಗೆ ನಿಂತು, ಪ್ರತಿಯೊಂದು ಕಲ್ಲನ್ನೂ ಕೈಗೆ ವರದಿ ಮಾಡುವುದು, ಅದೂ ಮುರಿದು ಕೂಡಿದ ಕೈಗೆ. ಸರಿಪಡಿಸಬೇಕಾದರೆ ಶನಿವಾರದ ಸಂಜೆ ಗಾಳಿ ತೆಗೆ, ಆಸನ ಇಳಿಸು, ಸನ್ನೆ ಹತ್ತಿರಕ್ಕೆ ತರು. ಮುಂದಿನ ವಾರ ಎಲ್ಲವನ್ನೂ ತಿರುಗಿ ಮೊದಲಿನಂತೆ ಮಾಡು. ಮೊದಲ ತಿಂಗಳು ಮಾಡಿದೆವು. ಎರಡನೆಯ ತಿಂಗಳು ಸೋಮಾರಿತನ ಬಂದಿತು. ಚೌಕಟ್ಟಿನ ಉದ್ದವನ್ನಂತೂ ಯಾವ ಶನಿವಾರವೂ ಕುಗ್ಗಿಸಲಾಗದು. ನ್ಯಾಯದ ಹೆಸರಿನಲ್ಲಿ ಪ್ರತಿ ಭಾನುವಾರವೂ ಒಬ್ಬರಿಗಲ್ಲ ಒಬ್ಬರಿಗೆ ಕೆಟ್ಟ ಗಾಡಿ, ಅವಳಿಗೆ ಎರಡು ಭಾನುವಾರವೂ ಅಳತೆಗಿಲ್ಲದ ಗಾಡಿ.

ಸರದಿಯ ಮಾತು ಬಂದುದರಿಂದ ಇನ್ನೊಂದು ಜೋಡಿಯ ಕಥೆ ಹೇಳುವೆವು. ಅಮೆರಿಕದ ಫ್ಯಾನಿ ಬುಲಕ್ ವರ್ಕ್‌ಮನ್ ಮತ್ತು ಆಕೆಯ ಗಂಡ, ವೈದ್ಯನಾದ ವಿಲಿಯಂ ಹಂಟರ್ ವರ್ಕ್‌ಮನ್, ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ನಮ್ಮ ದೇಶದ ಬಯಲುಗಳಲ್ಲಿ ಬೈಸಿಕಲ್ಲಿನ ಮೇಲೆ ಸುತ್ತಿದರು. ಅದನ್ನು ಕುರಿತು ಅವರು ೧೯೦೪ರಲ್ಲಿ ಪ್ರಕಟಿಸಿದ ‘ಥ್ರೂ ಟೌನ್ ಅಂಡ್ ಜಂಗಲ್’ ಎಂಬ ಪುಸ್ತಕದ ತಲೆಬರೆಹವೇ ೧೪,೦೦೦ ಮೈಲಿ ಎನ್ನುವುದು. ತರುವಾಯ ಹಿಮಾಲಯದ ಹಿಮನದಿಗಳ ಕಡೆಗೆ ತಿರುಗಿದರು. ೧೯೦೬ರಲ್ಲಿ, ತನ್ನ ೪೭ನೆಯ ವಯಸ್ಸಿನಲ್ಲಿ, ಆಕೆ ನುನ್ ಕುನ್ ಪರ್ವತಗಳ ಪಿನಕಲ್ ಶಿಖರವನ್ನು ಏರಿದಳು. ಅವರಿಬ್ಬರ ಒಳಏರ್ಪಾಟು ನಮ್ಮ ಮನಸ್ಸನ್ನು ಸೆಳೆಯಿತು: ಒಂದು ವರ್ಷ ಪ್ರಯಾಣದ ಸಿದ್ಧತೆಯೆಲ್ಲ ಆಕೆಯದು, ಶಾಸ್ತ್ರೀಯ ಕೆಲಸ ಆತನದು, ಮರುವರ್ಷ ಇದು ತಲೆಕೆಳಗು. ತಾವು ಕೂಲಿಗೆ ಹಿಡಿದವರನ್ನು ಕುರಿತು ಅವರು ಬರೆದಿರುವ ಬಗೆ ನಮಗೆ ರುಚಿಸದು. ಅವರ ನ್ಯಾಯವು ಅವರಿಬ್ಬರ ನಡುವೆಯೇ ನಿಂತಿತು. ಅದಿರಲಿ. ಅವರು ಬದಲಾಯಿಸಿಕೊಂಡುದು ಕೆಲಸವನ್ನು. ನಾವು ಕೆಲಸವನ್ನು ಹಾಗೆಯೇ ಇಟ್ಟುಕೊಂಡು ಗಾಡಿಯನ್ನು ಬದಲಾಯಿಸಹೊರಟಿದ್ದೆವು. ತಿರುಗಿಸಬೇಕಾದುದನ್ನು ಬಿಟ್ಟು ತಿರುಗಿಸಬಾರದುದನ್ನು ತಿರುಗಿಸಿದ ಹಾಗಾಯಿತು.

ಹೀಗೆ ೨೦೨೨ರ ಬೇಸಗೆಯಲ್ಲಿ ದೊಡ್ಡ ಗಾಡಿಯನ್ನು ಮಾರಿದೆವು. ಅವನಿಗೆ ಇದು ಸುಲಭವಾಗಿರಲಿಲ್ಲವೆಂದು ಬರೆಯಲೇಬೇಕು. ಕೊಂಡವನು ಅದನ್ನು ಜೀಪಿಗೆ ಏರಿಸುವಾಗ ಅವನು ಕೊಟ್ಟಿಗೆಯ ಕಡೆ ಏನೋ ಕೆಲಸ ಮಾಡಿಕೊಂಡನು. ೬೮,೦೦೦ ರೂಪಾಯಿ ಬಂದಿತು. ಅದಕ್ಕೆ ಅಡಕೆಯ ಹಣ ಸೇರಿಸಿ, ತಲಾ ೫೫,೦೦೦ದ ಎರಡು ಗಾಡಿಗಳನ್ನು ಕೊಂಡೆವು. ಎರಡೂ ಒಂದೇ ಬಗೆ, ಚೌಕಟ್ಟಿನ ಅಳತೆ ಮಾತ್ರ ಬೇರೆ. ಅಂಗಡಿಯಲ್ಲಿ ಮೊದಲು ಅವಳನ್ನು ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿ ಒಳಗಾಲಿನ ಉದ್ದವನ್ನು ಅಳೆಸಿದೆವು. ಅವನ ಅಳತೆ ಆಮೇಲೆ. ಒಂದೇ ಬಗೆಯದನ್ನು ಆರಿಸಿದುದರಲ್ಲಿ ಉಳಿತಾಯದ ಉಪಾಯವೂ ಉಂಟು. ಗಾಲಿಯ ಅಳತೆ ಒಂದೇ ಆದರೆ ಒಂದೇ ಟ್ಯೂಬು ಇಬ್ಬರಿಗೂ ಆಗುವುದು. ಬ್ರೇಕಿನ ಪಟ್ಟಿ, ಸರಪಳಿಯ ಕೊಂಡಿ, ಎಲ್ಲವೂ ಹಾಗೆಯೇ. ಮಲೆನಾಡಿನ ಮಳೆಯಲ್ಲಿ ಮೆದುವಾದ ಬ್ರೇಕು ಪಟ್ಟಿಗಳು ಬೇಗ ಸವೆಯುವುವು. ಲೋಹದ ಪುಡಿಯನ್ನು ಒತ್ತಿ ಮಾಡಿದವು ಸ್ವಲ್ಪ ಸದ್ದು ಮಾಡಿದರೂ ಹೆಚ್ಚು ಕಾಲ ಬರುವುವು. ಅವನ್ನೇ ಹಾಕಿಸಿದೆವು. ಗಾಳಿಯ ಪಂಪು, ಕವಲಿನ ಸಣ್ಣ ಪಂಪು, ಹತ್ಯಾರುಗಳು, ಎಣ್ಣೆ ಇವು ಮನೆಗೆ ಒಂದೊಂದು ಸಾಕು. ಹೆಲ್ಮೆಟ್ಟು, ಆಸನ, ಕೈಚೀಲ, ಬೂಟು ಇವನ್ನು ಹಂಚಿಕೊಳ್ಳುವ ಮಾತೇ ಬೇಡ. ಒಬ್ಬರ ಮೈಗೆ ಹೊಂದಿದ ಆಸನ ಮತ್ತೊಬ್ಬರಿಗೆ ಶಿಕ್ಷೆ. ಒಮ್ಮೆ ಪೆಟ್ಟು ತಿಂದ ಹೆಲ್ಮೆಟ್ಟಿನ ಒಳಗಿನ ಬೆಂಡು ಜಜ್ಜಿಹೋಗಿರುವುದು, ಹೊರಗೆ ಕಾಣದು. ಅದನ್ನು ಯಾರಿಗೂ ದಾನಮಾಡದೆ ಎಸೆಯತಕ್ಕದ್ದು.

ಕೆಲಸವನ್ನು ಮಾತ್ರ ವರ್ಕ್‌ಮನ್ನರಂತೆ ತಿರುಗಿಸಿಕೊಂಡೆವು. ಒಂದು ತಿಂಗಳು ಗಾಡಿಗಳ ಚಾಕರಿ ಅವಳದು, ಬುತ್ತಿಯೂ ಮನೆಯ ಬೆಳಗಿನ ಕೆಲಸವೂ ಅವನದು. ಮುಂದಿನ ತಿಂಗಳು ಬದಲು. ಅವಳ ಕೈಯಲ್ಲಿ ಬ್ರೇಕುಗಳು ಸದ್ದಿಲ್ಲದೆ ಹಿಡಿಯುವುವು. ಅವನ ಬುತ್ತಿಯ ವಿಷಯದಲ್ಲಿ ಏನೂ ಬರೆಯಕೂಡದೆಂದು ನಿಶ್ಚಯಿಸಿದ್ದೇವೆ. ಹೊರೆಯನ್ನು ಅರ್ಧರ್ಧ ಮಾಡುವುದಿಲ್ಲ. ಹತ್ಯಾರೂ ನೀರೂ ಹೆಚ್ಚಾಗಿ ಅವನ ಬೆನ್ನಿಗೆ. ೭೬ಕ್ಕೂ ೫೦ಕ್ಕೂ ಸಮಪಾಲು ಹಾಕಿದರೆ 
ಸರಿಪಾಲಾಗದು. ದಿಣ್ಣೆಯ ತಲೆಯಲ್ಲಿ ಮುಂದೆ ಬಂದವರು ಯಾರೇ ಆಗಲಿ, ಹಿಂದೆ ಬಂದವರು ಕುಳಿತು, ನೀರು ಕುಡಿದು, ‘ಹೊರಡೋಣ’ ಎಂದು ತಾವಾಗಿ ಹೇಳುವ ಪರ್ಯಂತ ಏಳುವಂತಿಲ್ಲ. ಹೊಸ ಟೈರು ಒಂದು ಜೊತೆ ಬಂದರೆ, ಅದನ್ನು ಒಂದೇ ಗಾಡಿಗೆ ಹಾಕುವುದಿಲ್ಲ. ಹಿಂದಿನ ಗಾಲಿ ಜಾರಿದರೆ ಸಾಮಾನ್ಯವಾಗಿ ಸಂಭಾಳಿಸಬಹುದು. ಮುಂದಿನದು ಜಾರಿದರೆ ಬೀಳುವುದೇ. ಆದುದರಿಂದ ಹೊಸ ಟೈರು ಅವಳ ಮುಂದಿನ ಗಾಲಿಗೊಂದು, ಅವನ ಮುಂದಿನ ಗಾಲಿಗೊಂದು; ಅಲ್ಲಿದ್ದ ಹಳೆಯವು ಹಿಂದಕ್ಕೆ. ಟೈರಿನ ಗಾಳಿಯೂ ಅವಳಿಗೆ ಕಡಿಮೆ, ಅವನಿಗೆ ಹೆಚ್ಚು.

ಇಷ್ಟಾದರೂ ಎಲ್ಲವೂ ಸರಿಹೋಯಿತೆಂದು ವಾಚಕರು ಭಾವಿಸಬಾರದು. ಏರುಗಳಲ್ಲಿ ಅವನು ಈಗಲೂ ಮುಂದೆ, ಆದರೆ ಆರೇಳು ನಿಮಿಷವಲ್ಲ, ಒಂದೆರಡು. ಇಳಿತದಲ್ಲಿ ಈಗ ಅವಳೇ ಮುಂದೆ. ಅಳತೆಗೆ ಹೊಂದಿದ ಗಾಡಿಯ ಮೇಲೆ ಅವಳ ಚಿಕ್ಕಂದಿನ ಚಳಕವೆಲ್ಲ ಹೊರಬಿದ್ದಿತು. ಕೆಳಗೆ ಕಾಯುವ ಅವಳ ಮುಖದ ಮೇಲಿನ ಭಾವವನ್ನು ಅವನು ಮೆಚ್ಚುವುದಿಲ್ಲ. ಕಿಗ್ಗದ ಆ ಗಾಡಿಹಾದಿಗೆ ಮಾತ್ರ ನಾವು ಮತ್ತೆ ಹೋಗಿಲ್ಲ. ಅವಳು ಹೋಗೋಣವೆನ್ನುವಳು, ಅವನು ಏನಾದರೊಂದು ನೆಪ ಹೇಳುವನು.

ಕಳೆದ ಏಪ್ರಿಲಿನಲ್ಲಿ ನರಸಿಂಹರಾಜಪುರದ ಕಡೆಗೆ ಹೋದೆವು. ಹಿಂದೆ ತರೀಕೆರೆಯಿಂದ ಅಲ್ಲಿಗೆ ಸಣ್ಣ ರೈಲುಗಾಡಿ ಓಡುತ್ತಿದ್ದಿತು. ಲಕ್ಕವಳ್ಳಿಯಲ್ಲಿ ಭದ್ರೆಗೆ ಅಣೆಕಟ್ಟು ಬಂದಮೇಲೆ ನೀರು ಈ ಕಡೆಗೆಲ್ಲ ಹರಡಿತು. ಬೇಸಗೆಯಲ್ಲಿ ಆ ಹಿನ್ನೀರು ಸರಿದು, ಬಿರುಕುಬಿಟ್ಟ ಬಯಲು ಹೊರಬೀಳುವುದು. ನಮ್ಮ ಸೀಮೆಯಲ್ಲಿ ಅಷ್ಟು ಸಮನಾದ ನೆಲವನ್ನು ಕಾಣುವುದೇ ಒಂದು ಸೋಜಿಗ. ಮಗ್ಗುಲು ಮಗ್ಗುಲಾಗಿ, ಮಾತಾಡುತ್ತ, ಯಾರೂ ಮುಂದಿಲ್ಲದೆ ಯಾರೂ ಹಿಂದಿಲ್ಲದೆ ಸುತ್ತಿದೆವು. ಮದುವೆಯಾಗಿ ಇಷ್ಟು ವರ್ಷಗಳಾದರೂ ಬೈಸಿಕಲ್ಲಿನ ಮೇಲೆ ಮಾತಾಡುತ್ತ ಹೋದುದು ಅದೇ ಮೊದಲು. ಹೊತ್ತು ಹೋದುದು ತಿಳಿಯಲಿಲ್ಲ. ಈಚಿನ ವರ್ಷಗಳಲ್ಲಿ ಆ ತಾಲ್ಲೂಕಿನಲ್ಲಿ ಆನೆಯ ಕಾಟ ಹೆಚ್ಚಾಗಿದೆ. ಮುಸ್ಸಂಜೆಗೆ ಕಾಡಂಚಿನ ದಾರಿಯಲ್ಲಿ ಇರಬಾರದೆಂಬುದು ನಮಗೆ ತಿಳಿಯದ ಸಂಗತಿಯಲ್ಲ. ಆದರೂ ಹಿಂದಿರುಗುವಾಗ ಕತ್ತಲಾಯಿತು. ನಮ್ಮಲ್ಲಿದ್ದ ಒಳ್ಳೆಯ ದೀಪ ಒಂದೇ, ಹಳೆಯ ಗಾಡಿಯಿಂದ ಉಳಿದುದು. ಎಲ್ಲವನ್ನೂ ಹಂಚಿದ ನಾವು ದೀಪವನ್ನು ಮರೆತಿದ್ದೆವು.

ಮುಂದಿನವರಿಗೆ ಕೊಟ್ಟರೆ ಹಿಂದಿನವರಿಗೆ ಕತ್ತಲೆ. ಹಿಂದಿನವರಿಗೆ ಕೊಟ್ಟರೆ ಮುಂದಿನವರು ತಮ್ಮ ನೆರಳನ್ನೇ ತುಳಿಯುತ್ತ ಹೋಗಬೇಕು. ಎರಡನ್ನೂ ಮಾಡಿ ನೋಡಿದೆವು. ಕಡೆಗೆ ಇಳಿದು, ಗಾಡಿಗಳನ್ನು ಹೊರಗಿನ ಮಗ್ಗುಲಿಗೆ ಮಾಡಿಕೊಂಡು, ನಡುವೆ ದೀಪ ಹಿಡಿದು, ಊರಿನ ಬೆಳಕು ಕಾಣುವವರೆಗೂ ಸದ್ದಿಲ್ಲದೆ ನಡೆದೆವು. ಬಿದಿರುಮೆಳೆಯಲ್ಲಿ ಒಮ್ಮೆ ಏನೋ ಮುರಿದ ಸದ್ದಾಯಿತು. ಯಾರು ಯಾರ ಕೈಯನ್ನು ಮೊದಲು ಹಿಡಿದರೆಂಬುದರಲ್ಲಿ ನಮಗೆ ಒಮ್ಮತವಿಲ್ಲ.

ಎರಡನೆಯ ದೀಪವನ್ನು ಮರುವಾರವೇ ತಂದೆವು. ಹಳೆಯದಕ್ಕಿಂತ ಇದು ಹೆಚ್ಚು ಪ್ರಕಾಶವುಳ್ಳದ್ದು. ಅದು ಯಾರದೆಂಬುದು ಇನ್ನೂ ತೀರ್ಮಾನವಾಗಿಲ್ಲ. ಸದ್ಯಕ್ಕೆ ದೇವರ ಗೂಡಿನ ಪಕ್ಕದಲ್ಲಿ ಚಾರ್ಜಿಗೆ ಇಟ್ಟಿದೆ.